ಟ್ಯಾಂಕಿನೊಳಗಿನ ಸಬ್‌ಮರ್ಸಿಬಲ್: ವ್ಯಾನಿನ ಫ್ಯುಯೆಲ್ ಪಂಪ್ ನಿಜಕ್ಕೂ ಕೆಟ್ಟಿದೆಯಾ?

ಕೈಮರದ ಚೆಕ್‌ಪೋಸ್ಟ್ ದಾಟಿದಾಗ ವ್ಯಾನಿನಲ್ಲಿ ನಾವು ಏಳು ಜನ ಇದ್ದೆವು. ಅಪ್ಪ ಮುಂದೆ, ಅಮ್ಮ, ಅತ್ತೆ ಮತ್ತು ನನ್ನ ಹೆಂಡತಿ ನಡುವೆ, ಮಕ್ಕಳಿಬ್ಬರು ಹಿಂದೆ. ಹಾಸನದಿಂದ ಬೇಲೂರು, ಬೇಲೂರಿಂದ ಚಿಕ್ಕಮಗಳೂರು, ಅಲ್ಲಿಯವರೆಗೂ ಗಾಡಿ ಚೆನ್ನಾಗಿಯೇ ಓಡಿತ್ತು. ಮುಳ್ಳಯ್ಯನಗಿರಿಯ ಏರು ಶುರುವಾಯಿತು ನೋಡಿ, ಜರ್ಕ್ ಹೊಡೆಯತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆತ ಕಡಿಮೆ. ಮುಂದಿನ ತಿರುವಿನಲ್ಲಿ ನಿಂತೇ ಹೋಯಿತು. ಸೆಲ್ಫ್ ತಿರುಗುತ್ತಿದೆ, ಎಂಜಿನ್ ಹತ್ತುತ್ತಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲರನ್ನೂ ರಸ್ತೆ ಪಕ್ಕಕ್ಕೆ ಇಳಿಸಿ ಕಾದೆವು. ಇಪ್ಪತ್ತು ನಿಮಿಷ ಕಳೆದು ಮತ್ತೆ ಕೀ ತಿರುಗಿಸಿದರೆ, ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಯಿತು.

ಬೆಟ್ಟ ಹತ್ತದೆ ವಾಪಸ್ ಬಂದೆವು. ಮಾರನೇ ದಿನ ಗ್ಯಾರೇಜಿಗೆ ಬಿಟ್ಟೆ. ನಾನು ಹೇಳಿದ್ದನ್ನು ಕೇಳಿದ ಕೂಡಲೇ ಉತ್ತರ ಬಂತು: "ಫ್ಯುಯೆಲ್ ಪಂಪ್ ಹೋಗೈತೆ ಸಾರ್, ಚೇಂಜ್ ಮಾಡ್ಬಿಡಣ." ಮಾಡಿಸಿದೆ. ಸಾವಿರಗಟ್ಟಲೆ ದುಡ್ಡು ಹೋಯಿತು. ಊರೊಳಗೆ ಹದಿನೈದು ದಿನ ಗಾಡಿ ಏನೂ ತಕರಾರು ಮಾಡಲಿಲ್ಲ. ಆಮೇಲೆ ಧರ್ಮಸ್ಥಳದಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಮತ್ತೆ ಅದೇ ಜರ್ಕ್, ಅದೇ ರೀತಿ ನಿಂತಿದ್ದು. ಈ ಸಲ ಮಳೆ ಬೇರೆ. ಹಿಂದಿನಿಂದ ಟ್ಯಾಂಕರ್ ಲಾರಿಗಳು ಹಾರ್ನ್ ಹೊಡೆಯುತ್ತಾ ಬರುತ್ತಿದ್ದವು. ಮಕ್ಕಳನ್ನು ಇಟ್ಟುಕೊಂಡು ಅಲ್ಲಿ ನಿಂತ ಅರ್ಧ ಗಂಟೆ ನನಗೆ ಇನ್ನೂ ಮರೆತಿಲ್ಲ.

ಕೊನೆಗೆ ತೊಂದರೆ ಹಿಡಿದದ್ದು ಹಾಸನದ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಅಣ್ಣ. ಒಂದು ಮೀಟರು, ಒಂದು ಹಳೆ ಹೆಡ್‌ಲೈಟ್ ಬಲ್ಬು, ಒಂದು ಪ್ರೆಶರ್ ಗೇಜ್. ಇಷ್ಟರಲ್ಲೇ ಕೆಲಸ ಮುಗಿಸಿದರು. ಹೊಸ ಪಂಪು ಚೆನ್ನಾಗಿತ್ತು. ತೆಗೆದುಹಾಕಿದ ಹಳೆ ಪಂಪೂ ಚೆನ್ನಾಗಿತ್ತು. ಅವರ ಪಕ್ಕದಲ್ಲಿ ನಿಂತು ನೋಡಿದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆಗೊಂದು ಏಳು ಸೀಟಿನ ಗಾಡಿ ಇಟ್ಟುಕೊಂಡು ಘಾಟಿ ಹತ್ತಿ ಇಳಿಯುವ ಎಲ್ಲರಿಗೂ ಇದು ಗೊತ್ತಿರಬೇಕು ಅಂತ ನನ್ನ ಆಸೆ. ಹೇಳುತ್ತಿರುವುದು ಪೆಟ್ರೋಲ್ ಗಾಡಿಯ ವಿಷಯ. ಡೀಸೆಲ್ ಕಾಮನ್ ರೈಲ್ ಗಾಡಿಯಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಆ ಪೈಪು ಬಿಚ್ಚುವ ಕೆಲಸಕ್ಕೆ ಕೈ ಹಾಕಲೇಬೇಡಿ.

ಬೋರ್‌ವೆಲ್ ಗೊತ್ತಿದ್ದರೆ ಇದೂ ಗೊತ್ತು

ಫ್ಯುಯೆಲ್ ಪಂಪ್ ಅಂದರೆ ಬೇರೇನೂ ಅಲ್ಲ, ಪುಟ್ಟ ಸಬ್‌ಮರ್ಸಿಬಲ್ ಮೋಟರ್. ತೋಟದ ಬೋರ್‌ವೆಲ್ಲಿನೊಳಗೆ ಮೋಟರ್ ನೀರಿನಲ್ಲೇ ಮುಳುಗಿರುತ್ತದೆ ಅಲ್ವಾ? ಹಾಗೆಯೇ ಇದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಬ್ಯಾಟರಿಯ 12 ವೋಲ್ಟಿನಲ್ಲಿ ತಿರುಗುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನು ತಂಪು ಮಾಡುತ್ತದೆ. ನೀರಿಲ್ಲದೆ ಓಡಿದರೆ ಬೋರಿನ ಮೋಟರ್ ಸುಡುತ್ತದಲ್ಲ, ಹಾಗೆ ಯಾವಾಗಲೂ ರಿಸರ್ವ್‌ನಲ್ಲೇ ಗಾಡಿ ಓಡಿಸಿದರೆ ಈ ಪಂಪಿನ ಆಯಸ್ಸೂ ಕಡಿಮೆಯಾಗುತ್ತದೆ. ಬೆಂಕಿ ಹತ್ತುವುದಿಲ್ಲವೇ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬೆಂಕಿಗೆ ಗಾಳಿ ಬೇಕು. ಪಂಪು ಪೆಟ್ರೋಲಿನಿಂದ ತುಂಬಿರುತ್ತದೆ, ಟ್ಯಾಂಕಿನ ಖಾಲಿ ಜಾಗದಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆ ಅಂದರೆ ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಅಲ್ಲಿರುವುದಿಲ್ಲ.

ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಪಂಪಿನ ಬಾಯಿಗೆ ಜಾಲರಿ ಇದೆ, ಕಸ ತಡೆಯಲಿಕ್ಕೆ. ಒಳಗೆ ಒಂದು ಕವಾಟ ಇದೆ, ನಮ್ಮ ಪಂಪ್‌ಸೆಟ್ಟಿನ ಫುಟ್ ವಾಲ್ವ್ ಹಾಗೆ. ಗಾಡಿ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಪೆಟ್ರೋಲ್ ನಿಲ್ಲಿಸಿಕೊಳ್ಳುವುದು ಅದರ ಕೆಲಸ. ಆಚೆ ತುದಿಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಿಡಿಸುವ ಇಂಜೆಕ್ಟರುಗಳಿವೆ. ಅವು ಸ್ಪ್ರಿಂಕ್ಲರ್ ಜೆಟ್ ಇದ್ದ ಹಾಗೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವಾಗ ಜೆಟ್ ಎಷ್ಟು ದೂರ ಹಾರುತ್ತದೆ ಅಂತ ನೋಡಿಯೇ ಪ್ರೆಶರ್ ಸಾಕಾ ಅಂತ ಹೇಳುತ್ತೇವೆ. ಇಂಜೆಕ್ಟರಿಗೂ ಅಷ್ಟೇ. ಹಿಂದೆ ಪ್ರೆಶರ್ ಇದ್ದರೆ ಮಾತ್ರ ಪೆಟ್ರೋಲ್ ಮಂಜಿನ ಹಾಗೆ ಸಿಡಿಯುತ್ತದೆ.

ಎಷ್ಟು ಪ್ರೆಶರ್? ಸಾಮಾನ್ಯ ಪೆಟ್ರೋಲ್ ವ್ಯಾನಿನಲ್ಲಿ ಹತ್ತಿರಹತ್ತಿರ 3ರಿಂದ 4 ಬಾರ್. ಟೈರಿನ ಲೆಕ್ಕದಲ್ಲಿ ಹೇಳಿದರೆ 43ರಿಂದ 58 ಪಿಎಸ್‌ಐ. ಟೈರಿಗೆ ನಾವು ತುಂಬಿಸುವುದು 30, 35. ನೀರಿನ ಲೆಕ್ಕದಲ್ಲಿ ಹೇಳಿದರೆ 3 ಬಾರ್ ಅಂದರೆ ನೂರು ಅಡಿ ಎತ್ತರಕ್ಕೆ ನೀರು ತಳ್ಳುವಷ್ಟು. ಅಂಗೈಯಲ್ಲಿ ಹಿಡಿಯುವ ಮೋಟರಿಗೆ ಇದು ಸಣ್ಣ ಕೆಲಸವಲ್ಲ. ನಿಮ್ಮ ಗಾಡಿಗೆ ನಿಖರವಾಗಿ ಎಷ್ಟಿರಬೇಕು ಅನ್ನುವುದು ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆ ಅಂಕಿ ನೋಡದೆ ಯಾರೂ ತೀರ್ಪು ಕೊಡಬಾರದು.

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಹೀಗಿರಲಿಲ್ಲ. 1984ರಲ್ಲಿ ಬಂದು ಆಮೇಲೆ ಓಮ್ನಿ ಅಂತ ಹೆಸರಾದ ಮಾರುತಿ ವ್ಯಾನಿನಲ್ಲಿ ಪಂಪು ಎಂಜಿನ್ನಿನ ಮೇಲೇ ಇತ್ತು, ಎಂಜಿನ್ ತಿರುಗಿದರೆ ಅದೂ ಆಡುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಈಗಿನದು ಟ್ಯಾಂಕಿನೊಳಗೆ ಅಡಗಿ ಕೂತಿದೆ. ಕಾಣದ ವಸ್ತುವಿನ ಮೇಲೆ ತಪ್ಪು ಹೊರಿಸುವುದು ಸುಲಭ. ಪಂಪಿನ ಹೆಸರಿನಲ್ಲಿ ಇಷ್ಟೊಂದು ದುಡ್ಡು ಸುಮ್ನೆ ಹೋಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಘಾಟಿಯಲ್ಲೇ ಯಾಕೆ?

ಗಾಡಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಮಾತ್ರ ಓಡುತ್ತಾ ನಿಂತಿದ್ದಾಗ ಗಂಟೆಗೆ ಒಂದು ಲೀಟರಿಗೂ ಕಡಿಮೆ ಪೆಟ್ರೋಲ್ ಸಾಕು. ಏಳು ಜನ ಕೂತು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಅದರ ಹತ್ತು ಪಟ್ಟಿಗೂ ಜಾಸ್ತಿ ಬೇಕು. ಅಂದರೆ ಸೊರಗಿದ ಪಂಪು ಹಾಸನದ ಬಿ.ಎಂ. ರಸ್ತೆಯಲ್ಲಿ ಸಿಕ್ಕಿಬೀಳುವುದಿಲ್ಲ. ಮುಳ್ಳಯ್ಯನಗಿರಿ, ಚಾರ್ಮಾಡಿ, ಶಿರಾಡಿಯಲ್ಲಿ ಸಿಕ್ಕಿಬೀಳುತ್ತದೆ. ಒಂದೇ ಜೆಟ್ ಇದ್ದಾಗ ಚೆನ್ನಾಗಿ ಹಾರುವ ನೀರು, ಹತ್ತು ಜೆಟ್ ಹಾಕಿದ ಕೂಡಲೇ ಕಾಲಬುಡದಲ್ಲೇ ಬೀಳುತ್ತದಲ್ಲ, ಹಾಗೆ. ಆದ್ದರಿಂದ ಗ್ಯಾರೇಜಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ "ಈಗ ಸರಿಯಿದೆಯಲ್ಲ" ಅಂದರೆ ಒಪ್ಪಬೇಡಿ.

ಎತ್ತರದ ವಿಷಯವನ್ನೂ ಇಲ್ಲಿ ಬೇರೆ ಮಾಡಿ ನೋಡಬೇಕು. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಹಾಸನಕ್ಕಿಂತ ಹತ್ತಿರಹತ್ತಿರ ಸಾವಿರ ಮೀಟರ್ ಮೇಲೆ. ಸಾವಿರ ಮೀಟರಿಗೆ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳುವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಮೇಲೆ ಹೋದ ಹಾಗೆ ಗಾಡಿ ನಿಧಾನವಾಗಿ ಭಾರ ಅನ್ನಿಸಿದರೆ ಅದು ರೋಗ ಅಲ್ಲ. ಜರ್ಕ್ ಹೊಡೆದರೆ, ಕೆಮ್ಮಿದರೆ, ಆಕ್ಸಿಲರೇಟರ್ ಬಿಟ್ಟಾಗ ಸ್ವಲ್ಪ ಸುಧಾರಿಸಿ ಒತ್ತಿದಾಗ ಸತ್ತರೆ, ಅದು ರೋಗ.

ಇನ್ನೊಂದು ಮಾತು. ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಸೇರಿದ್ದಾಗ ಕಡಿದಾದ ಏರಿನಲ್ಲಿ ಅದು ಒಂದು ಮೂಲೆಗೆ ಸರಿಯುತ್ತದೆ. ಪಂಪಿನ ಬಾಯಿ ಗಾಳಿ ಎಳೆಯಬಹುದು. ಮೊದಲು ಅರ್ಧ ಟ್ಯಾಂಕ್ ತುಂಬಿಸಿ ಅದೇ ಏರು ಮತ್ತೆ ಹತ್ತಿ ನೋಡಿ. ಇದು ಖರ್ಚಿಲ್ಲದ ಮೊದಲ ಪರೀಕ್ಷೆ.

ಕಿವಿ ಹೇಳುವುದು, ಹೇಳದಿರುವುದು

ಎರಡನೇ ಪರೀಕ್ಷೆಗೂ ದುಡ್ಡು ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಮಕ್ಕಳಿಗೆ ಒಂದು ನಿಮಿಷ ಸುಮ್ಮನಿರಿ ಅನ್ನಿ. ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡ್ "ಊಂ..." ಅಂತ ಸದ್ದು ಬಂದು ನಿಲ್ಲುತ್ತದೆ. ಪೈಪಿನಲ್ಲಿ ಪ್ರೆಶರ್ ತುಂಬಿಸಲು ಗಾಡಿಯ ಕಂಪ್ಯೂಟರ್ ಪಂಪನ್ನು ಅಷ್ಟು ಹೊತ್ತು ಓಡಿಸುತ್ತದೆ. ಎಂಜಿನ್ ತಿರುಗದಿದ್ದರೆ ತಾನೇ ನಿಲ್ಲಿಸುತ್ತದೆ. ಅಪಘಾತವಾಗಿ ಎಂಜಿನ್ ನಿಂತರೆ ಪೆಟ್ರೋಲ್ ಸುರಿಯುತ್ತಲೇ ಇರಬಾರದಲ್ಲ, ಅದಕ್ಕೆ.

ಸದ್ದು ಬರಲಿಲ್ಲ ಅಂದರೆ ಪಂಪು ಕೆಟ್ಟಿದೆ ಅಂತಲ್ಲ. ಫ್ಯೂಸ್ ಹೋಗಿರಬಹುದು, ಪಂಪಿಗೆ ಕರೆಂಟು ಕೊಡುವ ಸ್ವಿಚ್ಚು, ಅಂದರೆ ರಿಲೇ, ಕೈಕೊಟ್ಟಿರಬಹುದು, ವೈರ್ ತುಂಡಾಗಿರಬಹುದು, ಇಮೊಬಿಲೈಸರ್ ಕೀಯನ್ನು ಗುರುತಿಸದೇ ಇರಬಹುದು. ಸದ್ದು ಬಂತು ಅಂದರೆ ಪಂಪು ಸರಿಯಿದೆ ಅಂತಲೂ ಅಲ್ಲ. ಈ ಎರಡನೆಯದರಲ್ಲೇ ಜನ ಜಾಸ್ತಿ ಎಡವುತ್ತಾರೆ. ಮೋಟರ್ ತಿರುಗುತ್ತಿದೆ ಅಂತ ಮಾತ್ರ ಸದ್ದು ಹೇಳುತ್ತದೆ. ಎಷ್ಟು ತಳ್ಳುತ್ತಿದೆ ಅಂತ ಹೇಳುವುದಿಲ್ಲ. ಬೋರಿನಲ್ಲಿ ಇಂಪೆಲ್ಲರ್ ಸವೆದಾಗ ಮೋಟರ್ ಗುಂಯ್ ಅನ್ನುತ್ತಲೇ ಇರುತ್ತದೆ, ಪೈಪಿನಲ್ಲಿ ನೀರು ಮಾತ್ರ ಬೆರಳ ಗಾತ್ರ. ಸದ್ದಿನ ಬಗೆ ಮಾತ್ರ ಸ್ವಲ್ಪ ಸುಳಿವು ಕೊಡುತ್ತದೆ. ಮೊದಲಿಗಿಂತ ಜೋರಾಗಿ, ಕೀರಲಾಗಿ ಕೂಗುತ್ತಿದ್ದರೆ ಜಾಲರಿ ಕಟ್ಟಿರಬಹುದು ಅಥವಾ ಪಂಪು ಸವೆದಿರಬಹುದು.

ಬೆಳಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಹತ್ತುವ ಗಾಡಿಗೆ ಇನ್ನೊಂದು ಉಪಾಯ ಇದೆ. ಕೀ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರು ಸಲ. ನಾಲ್ಕನೇ ಸಲ ಸೆಲ್ಫ್ ಹೊಡೆಯಿರಿ. ತಕ್ಷಣ ಹತ್ತಿದರೆ ರಾತ್ರಿಯೆಲ್ಲ ಪೈಪಿನ ಪ್ರೆಶರ್ ಇಳಿದುಹೋಗುತ್ತಿದೆ ಅಂತ ಅನುಮಾನ ಪಡಬಹುದು. ಫುಟ್ ವಾಲ್ವ್ ಸೋರಿದ ಪಂಪ್‌ಸೆಟ್ಟಿಗೆ ದಿನಾ ಬಿಂದಿಗೆಯಲ್ಲಿ ನೀರು ಹೊಯ್ದು ಶುರುಮಾಡುವ ಹಾಗೆ. ಕವಾಟ ಸೋರುತ್ತಿರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಪ್ರೆಶರ್ ರೆಗ್ಯುಲೇಟರ್ ಬಿಡುತ್ತಿರಬಹುದು. ಯಾವುದು ಅಂತ ಗೇಜ್ ಹಾಕಿಯೇ ನೋಡಬೇಕು.

ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ. ಎಷ್ಟೋ ಗಾಡಿಗಳಲ್ಲಿ ಹಾರ್ನಿನ ರಿಲೇಯೂ ಪಂಪಿನ ರಿಲೇಯೂ ಒಂದೇ ನಂಬರಿನದಾಗಿರುತ್ತವೆ. ನಂಬರ್ ಹೊಂದಿದರೆ ಅದಲು ಬದಲು ಮಾಡಿ ನೋಡಬಹುದು. ದಾರಿಯಲ್ಲಿ ನಿಂತಾಗ ಮಾಡುವ ಇನ್ನೊಂದು ಕೆಲಸ, ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದ ಮೆಲ್ಲಗೆ ಕುಟ್ಟುವುದು. ಆಗ ಸೆಲ್ಫ್ ಹೊಡೆದರೆ ಹತ್ತಿತು ಅನ್ನಿ, ಮೋಟರಿನೊಳಗೆ ಕರೆಂಟು ದಾಟಿಸುವ ಬ್ರಶ್ ಸವೆದು ಹಿಡಿದುಕೊಂಡಿರುವ ಸಾಧ್ಯತೆ ಜಾಸ್ತಿ. ಅಂಥ ಪಂಪು ನಿಜಕ್ಕೂ ಮುಗಿದಿದೆ. ಮನೆ ತಲುಪಿಸುತ್ತದೆ, ಇನ್ನೊಂದು ಪ್ರಯಾಣಕ್ಕೆ ನಂಬಬೇಡಿ.

ಮೀಟರಿಗೆ ವೋಲ್ಟ್ ಕಂಡರೂ ಸಾಲದು

ಈಗ ನಮ್ಮ ಗಾಡಿಯ ಕಥೆಗೆ ಬರುತ್ತೇನೆ. ಎಲೆಕ್ಟ್ರಿಷಿಯನ್ ಅಣ್ಣ ಮೊದಲು ಪಂಪಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್ಗು) ಬಿಚ್ಚಿ ಮೀಟರ್ ಹಿಡಿದರು. 12.4 ವೋಲ್ಟ್. "ಸರಿಯಾಗೇ ಬರ್ತಿದೆಯಲ್ಲ ಅಣ್ಣ" ಅಂದೆ. ಅವರು ತಲೆ ಅಲ್ಲಾಡಿಸಿದರು. "ತೋಟದಲ್ಲಿ ಮೋಟ್ರು ಹಾಕೋಕ್ ಮುಂಚೆ ವೋಲ್ಟೇಜ್ ಚೆನ್ನಾಗೇ ತೋರುಸ್ತದೆ. ಮೋಟ್ರು ಹಾಕಿದ್ ಮ್ಯಾಲೆ ನೋಡ್ಬೇಕು ತಮ್ಮ" ಅಂದರು.

ಆ ಒಂದು ಮಾತಿನಲ್ಲಿ ಎಲ್ಲ ಇದೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಯಾಕೆಂದರೆ ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಪಂಪು ಎಳೆಯುವುದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ಆಂಪ್. ಅಷ್ಟು ಕರೆಂಟು ಸವೆದ ವೈರಿನಲ್ಲಿ, ಕಿಲುಬು ಹಿಡಿದ ಜಾಯಿಂಟಿನಲ್ಲಿ ಹೋಗುವಾಗ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ಗದ್ದೆಯಲ್ಲಿ ಮೋಟರ್ ಮುಲುಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರ ಹೆಡ್‌ಲೈಟ್ ಬಲ್ಬಿನ ಉಪಯೋಗ ಆಗ ಗೊತ್ತಾಯಿತು. 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪ್ ಎಳೆಯುತ್ತದೆ, ಹತ್ತಿರಹತ್ತಿರ ಪಂಪಿನಷ್ಟೇ. ಕಪ್ಲರಿಗೆ ಪಂಪಿನ ಬದಲು ಆ ಬಲ್ಬನ್ನು ಉದ್ದದ ವೈರಿನಲ್ಲಿ ಸಿಕ್ಕಿಸಿ, ಬಲ್ಬನ್ನು ಗಾಡಿಯಿಂದ ಆಚೆ ದೂರ ಇಟ್ಟರು. ಬಲ್ಬು ಕಾದು ಕೆಂಡವಾಗುತ್ತದೆ, ಟ್ಯಾಂಕಿನ ಹತ್ತಿರ ತರಲೇಬಾರದು. ರಿಲೇ ತೆಗೆದು, 30 ಮತ್ತು 87 ಅಂತ ಬರೆದ ಎರಡು ತೂತುಗಳನ್ನು ಫ್ಯೂಸ್ ಇರುವ ವೈರಿನಿಂದ ಸೇರಿಸಿದರು. ಕರೆಂಟು ಈಗ ನಿಲ್ಲದೆ ಹರಿಯುತ್ತದೆ. ಬಲ್ಬು ಹೊಳೆಯಬೇಕಿತ್ತು. ಮಂಕಾಗಿ, ಅರಿಶಿನ ಬಣ್ಣದಲ್ಲಿ ಉರಿಯಿತು.

ಆಮೇಲೆ ಪಂಪನ್ನೇ ಮತ್ತೆ ಜೋಡಿಸಿ, ಓಡುತ್ತಿರುವಾಗಲೇ ಅಳೆದರು. ಬ್ಯಾಟರಿಯಲ್ಲಿ 12.4. ಪಂಪಿನಲ್ಲಿ 9.6. ನಡುವಿನ 2.8 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಪಂಪಿನ ಪ್ಲಸ್ ಪಿನ್ನಿಗೆ ಇಟ್ಟರು. 0.3. ಪರವಾಗಿಲ್ಲ. ಬ್ಯಾಟರಿಯ ಮೈನಸ್‌ಗೆ ಒಂದು, ಪಂಪಿನ ಅರ್ಥ್ ಪಿನ್ನಿಗೆ ಇನ್ನೊಂದು. 2.5. ಅರ್ಧ ವೋಲ್ಟ್ ದಾಟಿದರೇ ಅನುಮಾನ ಪಡಬೇಕಾದ ಜಾಗದಲ್ಲಿ ಎರಡೂವರೆ. ಕಾರ್ಪೆಟ್ ಎತ್ತಿ ಅರ್ಥ್ ವೈರ್ ಹಿಡಿದುಕೊಂಡು ಹೋದರೆ, ಹಿಂದಿನ ಬಾಗಿಲ ಹತ್ತಿರ ಗಾಡಿಯ ಬಾಡಿ ತಗಡಿಗೆ ಕೂರಿಸಿದ ಒಂದು ಬೋಲ್ಟು. ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಒದ್ದೆ ಕೊಡೆ ಎಲ್ಲ ಅಲ್ಲೇ ಬಿದ್ದಿರುತ್ತಿದ್ದವು. ಬೋಲ್ಟಿನ ಸುತ್ತ ತುಕ್ಕು, ವೈರಿನ ತುದಿಯಲ್ಲಿ ಹಸಿರು ಕಿಲುಬು.

ಇಷ್ಟಕ್ಕೇ ಘಾಟಿಯಲ್ಲಿ ಗಾಡಿ ನಿಲ್ಲುತ್ತಾ? ನಿಲ್ಲುತ್ತದೆ. ಇಂಥ ಮೋಟರಿನ ವೇಗ ವೋಲ್ಟೇಜಿನ ಜೊತೆಯಲ್ಲೇ ಇಳಿಯುತ್ತದೆ. ವೇಗ ಕಾಲು ಭಾಗ ಇಳಿದರೆ ತಳ್ಳುವ ಶಕ್ತಿ ಇಳಿಯುವುದು ಕಾಲು ಭಾಗಕ್ಕಿಂತ ಎಷ್ಟೋ ಜಾಸ್ತಿ. ಊರೊಳಗೆ ಅಷ್ಟರಲ್ಲೇ ಸುಧಾರಿಸಿಕೊಳ್ಳುತ್ತದೆ. ಏರಿನಲ್ಲಿ ಸಾಲುವುದಿಲ್ಲ. ಜೊತೆಗೆ, ಕೆಟ್ಟ ಜಾಯಿಂಟ್ ಕರೆಂಟು ಹರಿದು ಹರಿದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹಿಡಿತ ಸಡಿಲವಾಗುತ್ತದೆ. ಇಪ್ಪತ್ತು ನಿಮಿಷ ತಣ್ಣಗಾದರೆ ಮತ್ತೆ ಸ್ವಲ್ಪ ಕೂಡಿಕೊಳ್ಳುತ್ತದೆ. ಕೈಮರದ ಮೇಲಿನ ಆ ಇಪ್ಪತ್ತು ನಿಮಿಷದ ಗುಟ್ಟು ಅದು. ಪಂಪು ಬದಲಾಯಿಸಿದಾಗ ರೋಗ ವಾಸಿಯಾಗಿರಲಿಲ್ಲ. ಹದಿನೈದು ದಿನ ಏರು ಸಿಕ್ಕಿರಲಿಲ್ಲ, ಅಷ್ಟೇ.

ಗೇಜ್ ಹಾಕದೆ ಪಂಪಿಗೆ ಮರಣಪತ್ರ ಬರೆಯಬೇಡಿ

ಕರೆಂಟು ಸರಿಯಾಗಿ ಬರುತ್ತಿದೆ ಅಂತ ಖಚಿತವಾದ ಮೇಲೆ ಪಂಪಿನ ಪರೀಕ್ಷೆ. ಇಂಜೆಕ್ಟರ್ ಕಡೆಯ ಪೈಪಿಗೆ ಗೇಜ್ ಜೋಡಿಸಬೇಕು. ಬಿಚ್ಚುವ ಮೊದಲು ಪ್ರೆಶರ್ ಇಳಿಸಬೇಕು. ಪಂಪಿನ ರಿಲೇ ತೆಗೆದು ಗಾಡಿ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೂ ಬಟ್ಟೆ ಸುತ್ತಿಯೇ ಬಿಚ್ಚಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಗ್ಯಾರೇಜಿನ ಗುಂಡಿಯೊಳಗೆ ಇಳಿದು ಕೂರುತ್ತದೆ, ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಬಯಲಿನಲ್ಲಿ ಮಾಡಿಸಿ, ಬೀಡಿ ಸಿಗರೇಟು ಹತ್ತಿರ ಬರಬಾರದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಈ ಭಾಗವನ್ನು ಮನೆಯಲ್ಲಿ ಮಾಡಬೇಡಿ ಅಂತಲೇ ನಾನು ಹೇಳುತ್ತೇನೆ. ಆದರೆ ಮಾಡಿಸುವಾಗ ಪಕ್ಕದಲ್ಲಿ ನಿಂತು ಮೂರು ಅಂಕಿ ಕೇಳಿ.

ಮೊದಲನೆಯದು, ಐಡಲ್‌ನಲ್ಲಿ ಮತ್ತು ಆಕ್ಸಿಲರೇಟರ್ ಒತ್ತಿದಾಗ ಪ್ರೆಶರ್ ಎಷ್ಟು. ಸಾಧ್ಯವಾದರೆ ಗೇಜನ್ನು ಭದ್ರವಾಗಿ ಕಟ್ಟಿ ಒಂದು ಏರು ಹತ್ತಿ ನೋಡಬೇಕು. ಎರಡನೆಯದು, ಆಫ್ ಮಾಡಿದ ಮೇಲೆ ಪ್ರೆಶರ್ ಎಷ್ಟು ಹೊತ್ತು ನಿಲ್ಲುತ್ತದೆ. ಮುಳ್ಳು ಕೂಡಲೇ ಸೊನ್ನೆಗೆ ಬಿದ್ದರೆ ಕವಾಟ ಅಥವಾ ಸೋರಿಕೆ. ಮೂರನೆಯದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ: ಎಷ್ಟು ಪೆಟ್ರೋಲ್ ಬರುತ್ತದೆ. ಪ್ರೆಶರ್ ಇದ್ದ ಮಾತ್ರಕ್ಕೆ ಹರಿವು ಇದೆ ಅಂತಲ್ಲ. ನಲ್ಲಿ ಮುಚ್ಚಿದ್ದಾಗ ಸಣ್ಣ ಪೈಪಿನಲ್ಲೂ ಒತ್ತಡ ಇರುತ್ತದೆ, ತೆಗೆದಾಗ ತಾನೇ ಗೊತ್ತಾಗುವುದು. ಲೋಹದ ಡಬ್ಬಿಗೆ ಬಿಟ್ಟು ಅಳೆದರೆ ಮೂವತ್ತು ಸೆಕೆಂಡಿಗೆ ಅರ್ಧ ಲೀಟರ್ ಆದರೂ ಬರಬೇಕು ಅನ್ನುವುದು ಮೆಕ್ಯಾನಿಕ್‌ಗಳ ಸಾಮಾನ್ಯ ಲೆಕ್ಕ. ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಬಾರದು, ಸ್ಟ್ಯಾಟಿಕ್ ಕಿಡಿಯ ಅಪಾಯ ಇದೆ.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ತೊಂದರೆಯ ಕೋಡ್ ಬರಲಿಲ್ಲ ಅಂತ ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಸಾಮಾನ್ಯ ಪೆಟ್ರೋಲ್ ವ್ಯಾನುಗಳಲ್ಲಿ ಪೆಟ್ರೋಲಿನ ಪ್ರೆಶರ್ ಅಳೆಯುವ ಸೆನ್ಸರೇ ಹೆಚ್ಚಾಗಿ ಇರುವುದಿಲ್ಲ. ಇಲ್ಲದ ಸೆನ್ಸರು ಹೇಳುವುದೇನು? ಪಿ0171 ಅನ್ನುವ ಕೋಡ್ ಬಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿದೆ ಅಂತ ಅರ್ಥ, ಕಾರಣ ಪಂಪೇ ಅಂತಲ್ಲ. ಸ್ಕ್ಯಾನರಿನಲ್ಲಿ ಕೋಡಿಗಿಂತ ಉಪಯೋಗದ್ದು ಫ್ಯುಯೆಲ್ ಟ್ರಿಮ್. ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಜಾಸ್ತಿ ಸೇರಿಸುತ್ತಿದೆ ಅನ್ನುವ ಶೇಕಡಾ ಲೆಕ್ಕ ಅದು. ಐಡಲ್‌ನಲ್ಲಿ ಸರಿಯಿದ್ದು, ಲೋಡ್ ಬಿದ್ದಾಗ ಹತ್ತು, ಹದಿನೈದು, ಇಪ್ಪತ್ತಕ್ಕೆ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅನ್ನುವ ಕಡೆಗೆ ಅನುಮಾನ ತಿರುಗಬೇಕು. ಅದರ ಉಲ್ಟಾ, ಐಡಲ್‌ನಲ್ಲಿ ಜಾಸ್ತಿಯಿದ್ದು ಆರ್‌ಪಿಎಂ ಏರಿದಾಗ ಇಳಿದರೆ ಎಲ್ಲೋ ಪೈಪು ಬಿರಿದು ಗಾಳಿ ಎಳೆಯುತ್ತಿದೆ.

ಪಂಪಿನ ವೇಷ ಹಾಕುವ ಇನ್ನೊಂದು ರೋಗ, ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನದು. ಅದೂ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದಾಗ ಸರಿಹೋಗುತ್ತದೆ. ವ್ಯತ್ಯಾಸ ತಿಳಿಯಲು ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ, ಅಥವಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ತೋರಿಸಿದರೆ ಎಂಜಿನ್ ತಿರುಗುತ್ತಿರುವುದು ಕಂಪ್ಯೂಟರಿಗೇ ಗೊತ್ತಾಗುತ್ತಿಲ್ಲ. ಗೊತ್ತಾಗದಿದ್ದರೆ ಅದು ಪಂಪನ್ನೂ ಓಡಿಸುವುದಿಲ್ಲ, ಕಿಡಿಯನ್ನೂ ಕೊಡುವುದಿಲ್ಲ. ಸಾಮಾನ್ಯವಾಗಿ ಪಂಪು ಸಾಯುವಾಗ ಗಾಡಿ ಜರ್ಕ್ ಹೊಡೆದು, ಒದ್ದಾಡಿ ನಿಲ್ಲುತ್ತದೆ. ಸೆನ್ಸರು ಸತ್ತಾಗ ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ. ಸಿಎನ್‌ಜಿಯೂ ಇರುವ ಗಾಡಿಯಾದರೆ ಕೆಲಸ ಇನ್ನೂ ಸುಲಭ. ಗ್ಯಾಸಿನಲ್ಲಿ ಏರು ಚೆನ್ನಾಗಿ ಹತ್ತಿ, ಪೆಟ್ರೋಲಿನಲ್ಲಿ ಹತ್ತದಿದ್ದರೆ ಪ್ಲಗ್, ಕಾಯಿಲ್, ಸೆನ್ಸರು ಎಲ್ಲ ಸರಿಯಿವೆ. ತೊಂದರೆ ಪೆಟ್ರೋಲಿನ ದಾರಿಯಲ್ಲೇ ಇದೆ.

ಪೆಟ್ರೋಲನ್ನೂ ಒಮ್ಮೆ ನೋಡಿ

ಮಲೆನಾಡಿನವರು ಇದನ್ನು ಮರೆಯಬಾರದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಶೇಕಡಾ 20 ಎಥನಾಲಿನ ಪೆಟ್ರೋಲ್ ನಮ್ಮ ದೇಶದಲ್ಲಿ 2023ರಿಂದ ಮಾರಾಟದಲ್ಲಿದೆ. ಎಥನಾಲ್ ನೀರನ್ನು ಸ್ವಲ್ಪ ಮಟ್ಟಿಗೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ಮೂರು ತಿಂಗಳ ಮಳೆಯಲ್ಲಿ ಅಂಗಳದಲ್ಲಿ ನಿಂತ ಗಾಡಿ, ಮುಚ್ಚಳದ ರಬ್ಬರ್ ಬಿರಿದ ಟ್ಯಾಂಕು, ಇವಕ್ಕೆ ಈ ತೊಂದರೆ ಬರಬಹುದು. ತಳದ ಪೆಟ್ರೋಲನ್ನು ಒಂದು ಗಾಜಿನ ಸೀಸೆಗೆ ತೆಗೆಸಿ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ರೋಗ ಸಿಕ್ಕಿತು. ಆಗ ಟ್ಯಾಂಕ್ ತೊಳೆಸದೆ ಹೊಸ ಪಂಪು ಹಾಕಿಸಿದರೆ ಅದೂ ಅದೇ ನೀರನ್ನೇ ಕುಡಿಯುತ್ತದೆ.

ಎಲ್ಲ ಅಳೆದ ಮೇಲೂ ಪಂಪೇ ಕೆಟ್ಟಿದೆ ಅಂತಾದರೆ ಧೈರ್ಯವಾಗಿ ಬದಲಾಯಿಸಿ. ಜಾಲರಿಯನ್ನೂ ಮುಚ್ಚಳದ ರಬ್ಬರ್ ರಿಂಗನ್ನೂ ಹೊಸದೇ ಹಾಕಿಸಿ. ಟ್ಯಾಂಕಿನ ಬಾಯಿ ತೆಗೆಯುವ ಮುನ್ನ ಸುತ್ತಲಿನ ಧೂಳು ಕೆಸರು ಒರೆಸಿ ತೆಗೆಸಬೇಕು. ತೋಟದ ರಸ್ತೆಯಲ್ಲಿ ಓಡುವ ಗಾಡಿಯ ಮೇಲೆ ಕೂತ ಮಣ್ಣು ಒಳಗೆ ಬಿದ್ದರೆ ಹೊಸ ಜಾಲರಿ ಕಟ್ಟಲು ಬಹಳ ದಿನ ಬೇಡ. ಹಳೆ ಪಂಪನ್ನು ಕೇಳಿ ಮನೆಗೆ ತನ್ನಿ. ನಾನು ತಂದಿದ್ದಕ್ಕೇ ಎಲೆಕ್ಟ್ರಿಷಿಯನ್ ಅಣ್ಣ ಅದನ್ನು ಗೇಜಿಗೆ ಕಟ್ಟಿ ಪರೀಕ್ಷೆ ಮಾಡಿ ತೋರಿಸಲು ಆಯಿತು. ಮುಳ್ಳು 3 ಬಾರ್ ದಾಟಿ ನಿಂತಿತು. ಆ ಹೊತ್ತು ನನಗೆ ಆದ ಸಂಕಟ ದುಡ್ಡಿನದ್ದಷ್ಟೇ ಅಲ್ಲ. ರಸ್ತೆ ಪಕ್ಕ ಕಲ್ಲಿನ ಮೇಲೆ ಕೂತಿದ್ದ ಅಪ್ಪ ಕಣ್ಣ ಮುಂದೆ ಬಂದರು.

ನಮ್ಮ ಗಾಡಿಗೆ ಕೊನೆಗೆ ಬೇಕಾದದ್ದು ಇಷ್ಟು: ವೈರಿನ ತುದಿಗೆ ಒಂದು ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಉಂಗುರ), ಒಂದು ಬೋಲ್ಟು, ಬಾಡಿಯ ತುಕ್ಕು ಉಜ್ಜಲು ಒಂದು ತುಂಡು ಎಮರಿ ಕಾಗದ, ಮೇಲೆ ಹಚ್ಚಲು ಸ್ವಲ್ಪ ವ್ಯಾಸಲೀನ್. ಪಂಪಿನಲ್ಲಿ ಆಗ 12 ವೋಲ್ಟ್ ಬಂತು. ಅದಾದ ಮೇಲೆ ಪ್ರತಿ ವರ್ಷ ಮಳೆ ಮುಗಿದು ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ಹೊತ್ತಿಗೆ ಹಿಂದಿನ ಕಾರ್ಪೆಟ್ ಎತ್ತಿ ಬಿಸಿಲಿಗೆ ಹಾಕುತ್ತೇನೆ. ಮಗಳು ಮೀಟರಿನ ಕಡ್ಡಿ ಹಿಡಿಯುತ್ತಾಳೆ, ನಾನು ಕೀ ಆನ್ ಮಾಡುತ್ತೇನೆ, ಪಂಪು ಓಡುವ ಎರಡು ಸೆಕೆಂಡಿನಲ್ಲಿ ಅವಳು ಅಂಕಿ ಓದಿ ಹೇಳುತ್ತಾಳೆ. ಈ ಸಲ ಅರ್ಥ್ ಕಡೆ 0.08 ಇತ್ತು.